ಶರೀಫಜ್ಜನ ಪದಕ್ಕೆ ಗಿಟಾರ್, ಅಮರ್ ಶೇಖರ ಕೈಯಲ್ಲಿ ದಫ್

ಬಾಪನ ಅಂಗಡಿಯಲ್ಲಿ ಸೋಲಾಪುರ ಚಾದರ ಮಾರುತ್ತಿದ್ದೆವು. ಸೋಲಾಪುರ ಎಂದರೆ ನನಗೆ ಅಷ್ಟೇ ಆಗಿತ್ತು. ಡಿಪ್ಲೊಮಾ ಮುಗಿಸಿ ಮಗ್ಗಗಳ ರಿಪೇರಿ ಕೆಲಸಕ್ಕೆ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಆ ಪೇಟೆಯಲ್ಲಿ ಮರಾಠಿ, ತೆಲುಗಿನ ಜೊತೆ ಕನ್ನಡವೂ ನಡೆಯುತ್ತದೆ. 12ನೇ ಶತಮಾನದ ವಚನಕಾರ ಸಿದ್ಧರಾಮನ ಸೊನ್ನಲಿಗೆ ಇದೇ ಊರು.

ನಮ್ಮ ಜೊತೆಗಿದ್ದ ಅಕ್ಕಲಕೋಟೆಯ ಫಿಟ್ಟರ್ ಊಟದ ಹೊತ್ತಿಗೆ ಮೊಬೈಲಿನಲ್ಲಿ ರಘು ದೀಕ್ಷಿತ್ ಹಾಡು ಹಚ್ಚುತ್ತಿದ್ದರು. “ಇದು ನಮ್ಮ ಶರೀಫಜ್ಜನ ಪದ ಐತ್ರೀ, ಗಿಟಾರ್ ಹಚ್ಯಾರ ಅಷ್ಟ” ಎನ್ನುತ್ತಿದ್ದರು.

ಮಾತು ಸರಿ. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು, 2008ರ ‘ಅಂತರಾಗ್ನಿ’ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ (1819–1889) ಪದಗಳಿಗೆ ಗಿಟಾರ್, ಪಿಟೀಲು, ಡ್ರಮ್ಸ್ ಜೋಡಿಸಿದರು. ಅವರಿಗಿಂತ ಮೊದಲು ಸಿ. ಅಶ್ವಥ್ ಅದೇ ಪದಗಳನ್ನು ಕ್ಯಾಸೆಟ್ ಮೂಲಕ ಮನೆಮನೆಗೆ ಮುಟ್ಟಿಸಿದ್ದರು. ಅದಕ್ಕೂ ಮೊದಲು ಅವು ಏಕತಾರಿ, ದಮ್ಮಡಿಯ ಜೊತೆ ಬಾಯಿಂದ ಬಾಯಿಗೆ ಬಂದವು. ಗೋವಿಂದ ಭಟ್ಟರ ಶಿಷ್ಯರಾದ ಶರೀಫರು ಮೊಹರಮ್ಮಿನ ಪದಗಳನ್ನೂ ಕಟ್ಟಿದವರು.

ಸೋಲಾಪುರ ಜಿಲ್ಲೆಗೆ ಇನ್ನೊಬ್ಬ ಹಾಡುಗಾರರಿದ್ದಾರೆ. 1916ರಲ್ಲಿ ಬಾರ್ಶಿಯಲ್ಲಿ ಹುಟ್ಟಿದ ಮೆಹಬೂಬ್ ಹುಸೇನ್ ಪಟೇಲ್, ಅಂದರೆ ಶಾಹೀರ್ ಅಮರ್ ಶೇಖ್. ಅಣ್ಣಾಭಾವು ಸಾಠೆ, ಗವಾಣಕರ್ ಜೊತೆ 1944ರಲ್ಲಿ ಲಾಲ್ ಬಾವಟಾ ಕಲಾಪಥಕ ಕಟ್ಟಿ, ದಫ್ ಹಿಡಿದು ಕಾರ್ಮಿಕರ ನಡುವೆ ಮರಾಠಿಯಲ್ಲಿ ಹಾಡಿದರು. ಸಂಯುಕ್ತ ಮಹಾರಾಷ್ಟ್ರ ಚಳವಳಿಗೂ ದನಿಯಾದರು. ಆ ಚಳವಳಿ ಬೆಳಗಾವಿಯನ್ನೂ ಕೇಳುತ್ತಿತ್ತು. 1960ರ ಮೇ 1ರಂದು ಮಹಾರಾಷ್ಟ್ರ ಆಯಿತು, ಬೆಳಗಾವಿ ಸೇರಲಿಲ್ಲ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆಯನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಕರ್ನಾಟಕಕ್ಕೆ ಕೊಡಿ ಎಂದಿತು. ಅದೂ ಆಗಲಿಲ್ಲ.

ಕಾಸರಗೋಡಿನಲ್ಲಿ ನೆಂಟರಿರುವ ನಮಗೆ ಅಕ್ಕಲಕೋಟೆಯವರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಗಡಿಯ ವಿಷಯದಲ್ಲಿ ಅಮರ್ ಶೇಖ್ ಆಚೆಯವರು, ಆ ಫಿಟ್ಟರ್ ಈಚೆಯವರು. ಆದರೆ ಶೇಖರ ಕೈಯಲ್ಲಿದ್ದ ದಫ್ ನಮ್ಮ ಬ್ಯಾರಿ ಹುಡುಗರ ಕೈಯಲ್ಲೂ ಇದೆ. ಶರೀಫರ ಪದ ಆ ಫಿಟ್ಟರ್ ಬಾಯಲ್ಲಿ ಪೂರ್ತಿ ಇದೆ.

ನಮ್ಮ ಮದುವೆಮನೆಗಳಲ್ಲಿ ಈಗ ಸ್ಪೀಕರ್ ಇದೆ, ಕೀಬೋರ್ಡ್ ಇದೆ. ಅದರ ಬಗ್ಗೆ ನನಗೆ ತಕರಾರಿಲ್ಲ, ವಾದ್ಯ ಬದಲಾಗಲಿ. ಬೇರಿಂಗ್ ಸವೆದರೆ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ. ಮರೆತ ಸಾಲು ಸಿಗುವುದಿಲ್ಲ. ಶರೀಫರ ಪದಗಳನ್ನು ಜನ ಬಾಯಲ್ಲಿ ಕಾಪಾಡಿದ್ದರಿಂದಲೇ ಗಿಟಾರ್ ಬಂದಾಗ ಹಾಡಲು ಏನಾದರೂ ಇತ್ತು.

ಕಳೆದ ರಜೆಯಲ್ಲಿ ಉಮ್ಮ ಹೇಳುವ ಹಳೆಯ ಮದುವೆ ಹಾಡುಗಳನ್ನು ಮೊಬೈಲಿನಲ್ಲಿ ತುಂಬಿಸಿಕೊಂಡೆ. ಏಳು ಆಗಿವೆ. ಎರಡರಲ್ಲಿ ನಡುವಿನ ಸಾಲು ಅವರಿಗೂ ನೆನಪಾಗಲಿಲ್ಲ. ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ.