ದವಡೆಯ ನೆಲೆ ಹುಡುಕಿದವರು

ಹಲ್ಲೆಲ್ಲ ಉದುರಿದವರಿಗೆ ಹೊಸ ಹಲ್ಲು ಕಟ್ಟುವುದರಲ್ಲಿ ಒಂದು ತೊಡಕಿದೆ. ಮೇಲಿನ ದವಡೆ ತಲೆಬುರುಡೆಗೆ ಬೆಸೆದುಕೊಂಡದ್ದು, ಅಲುಗದು. ಕೆಳಗಿನ ದವಡೆಯಾದರೋ ಕಿವಿಗಳ ಮುಂದಿರುವ ಎರಡು ಕೀಲುಗಳ ಆಧಾರದಿಂದ ತೂಗುತ್ತದೆ. ಈ ಕೀಲು ಬಾಗಿಲಿನಂತೆ ತಿರುಗುವುದಷ್ಟೇ ಅಲ್ಲ, ಮುಂದಕ್ಕೂ ಜಾರಬಲ್ಲುದು. ಹಲ್ಲುಗಳಿದ್ದಾಗ ಅವೇ ಒಂದರ ಮೇಲೊಂದು ಕೂತು ದವಡೆಗೆ ನೆಲೆ ತೋರಿಸುತ್ತವೆ. ಅವು ಹೋದ ಮೇಲೆ ಕೀಲನ್ನೇ ಕೇಳಬೇಕು.

1756ರಲ್ಲಿ ಬರ್ಲಿನ್ನಿನ ಫಿಲಿಪ್ ಫಾಫ್, ಮೇಣದಲ್ಲಿ ಬಾಯಿಯ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಪ್ರತಿರೂಪ ಮಾಡುವ ಕ್ರಮವನ್ನು ಬರೆದಿಟ್ಟನು. 1858ರಲ್ಲಿ ಅಮೆರಿಕದ ಬಾನ್‌ವಿಲ್, ದವಡೆಯ ಚಲನೆಯನ್ನು ಅನುಕರಿಸುವ ಆರ್ಟಿಕ್ಯುಲೇಟರ್ ಯಂತ್ರವೊಂದನ್ನು ರಚಿಸಿದನು. ಕೀಲಿನಿಂದ ಕೀಲಿಗೆ 4 ಅಂಗುಲ, ಪ್ರತಿ ಕೀಲಿನಿಂದ ಕೆಳಗಿನ ಮುಂಬಲ್ಲುಗಳ ನಡುವಿಗೂ 4 ಅಂಗುಲವೆಂಬುದು ಅವನ ಲೆಕ್ಕ. ಆದರೆ ಎಲ್ಲರ ಮುಖವೂ ಒಂದೇ ಅಳತೆಯದೇ? ಶತಮಾನದ ಕೊನೆಗೆ ಸ್ನೋ ಎಂಬವನು ಬಳಕೆಗೆ ತಂದ ಫೇಸ್‌ಬೋ ಎಂಬ ಬಿಲ್ಲಿನಾಕಾರದ ಸಾಧನದಿಂದ, ಆಯಾ ವ್ಯಕ್ತಿಯ ಕೀಲಿಗೂ ದವಡೆಗೂ ಇರುವ ಅಂತರವನ್ನೇ ಯಂತ್ರಕ್ಕೆ ಒಯ್ಯಲು ಸಾಧ್ಯವಾಯಿತು. ಜ್ಯೂರಿಕ್‌ನ ಗೀಸಿ ದವಡೆಯ ಓಡಾಟವನ್ನು ಸೂಜಿಯಿಂದ ಗೀಚಿಸಿದನು. ಗೆರೆಗಳು ಬಾಣದ ಮೊನೆಯಂತೆ ಕೂಡುವ ಬಿಂದುವೇ ದವಡೆ ಹಿಂದಕ್ಕೆ ಸರಿದು ನಿಲ್ಲುವ ಜಾಗ.

ಮತ್ತೆ ಮತ್ತೆ ಅದೇ ಜಾಗ ಸಿಗುವುದರಿಂದ ವೈದ್ಯರಿಗೆ ಅದು ಅನುಕೂಲವಾಯಿತು. ‘ಸೆಂಟ್ರಿಕ್ ರಿಲೇಶನ್’ ಎಂದು ಅದಕ್ಕೆ ಹೆಸರು. ಕೃತಕ ದಂತಶಾಸ್ತ್ರದ 1956ರ ಅಮೆರಿಕನ್ ಪದಕೋಶವು, ಕೀಲು ಬಿಗಿತವಿಲ್ಲದೆ ಸರಿಯಬಲ್ಲ ಅತ್ಯಂತ ಹಿಂದಿನ ನೆಲೆಯೇ ಅದೆಂದಿತು. 1987ರ ಆವೃತ್ತಿಯಲ್ಲಿ ಅದೇ ಹೆಸರು ಮೇಲಣ, ಮುಂದಣ ನೆಲೆಗೆ ಸಂದಿತು! ಕೀಲು ಇದ್ದಲ್ಲೇ ಇತ್ತು, ವ್ಯಾಖ್ಯೆ ಬದಲಾಗಿತ್ತು.

ಇದು ಬರಿಯ ಪದಚರ್ಚೆಯಲ್ಲ. 1934ರಲ್ಲಿ ಸೇಂಟ್ ಲೂಯಿಸ್‌ನ ಕಿವಿವೈದ್ಯ ಕಾಸ್ಟನ್, ಹಿಂಬಲ್ಲುಗಳು ಹೋಗಿ ಕೀಲು ಹಿಂದಕ್ಕೊತ್ತುವುದೇ ಹಲವು ಕಿವಿನೋವು, ತಲೆನೋವುಗಳಿಗೆ ಕಾರಣವೆಂದನು. ಅವನ ವಿವರಣೆ ಸರಿಯಲ್ಲವೆಂದು ಅಂಗರಚನಾಶಾಸ್ತ್ರಜ್ಞರು ಮುಂದೆ ತೋರಿಸಿದರೂ, ಕೀಲನ್ನು ‘ಸರಿಯಾದ’ ಜಾಗಕ್ಕೆ ತಂದರೆ ನೋವು ಹೋಗುವುದೆಂಬ ನಂಬಿಕೆ ಉಳಿಯಿತು. ಎಷ್ಟೋ ಗಟ್ಟಿ ಹಲ್ಲುಗಳು ಅದಕ್ಕಾಗಿ ಅರದ ಬಾಯಿಗೆ ಸಿಕ್ಕವು.

ಸ್ವೀಡನ್ನಿನ ಪಾಸೆಲ್ಟ್ 1952ರಲ್ಲೇ ಬೇರೊಂದು ಸಂಗತಿ ತೋರಿಸಿದ್ದನು. ಹೆಚ್ಚಿನವರು ಸಹಜವಾಗಿ ಹಲ್ಲು ಕಚ್ಚುವ ನೆಲೆ, ಹಿಂದಿನ ಆ ನೆಲೆಗಿಂತ ಸುಮಾರು ಒಂದು ಮಿಲಿಮೀಟರ್ ಮುಂದಿರುತ್ತದೆ. ಯಾವ ನೋವೂ ಇಲ್ಲದವರ ಕ್ಷ-ಕಿರಣ ಚಿತ್ರದಲ್ಲೂ ಕೀಲು ಗುಳಿಯ ನಟ್ಟನಡುವೆಯೇ ಇರಬೇಕೆಂದಿಲ್ಲ. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯೂ ಈ ಕೀಲುನೋವಿಗೆ ಮೊದಲು ಹಿಂದೆಗೆಯಬಹುದಾದ ಸೌಮ್ಯ ಚಿಕಿತ್ಸೆಯೇ ಲೇಸೆಂಬ ಕಡೆಗೆ ವಾಲಿತು.

ಹಲ್ಲಿಲ್ಲದ ಬಾಯಿಗೆ ಆ ನೆಲೆ ಇಂದಿಗೂ ದಾರಿದೀಪವೇ. ಹಲ್ಲಿರುವ ಬಾಯಿಯಲ್ಲಿ ಅದು ಅಳತೆಯ ಗುರುತು, ರೋಗದ ಗುರುತಲ್ಲ. ಹಲ್ಲು ಅರೆಸಿಕೊಳ್ಳುವ ಮಾತು ಬಂದಾಗ ವಾಚಕರು ಇದನ್ನು ನೆನೆಯಬೇಕು; ಅರೆದ ಹಲ್ಲು ಮತ್ತೆ ಬೆಳೆಯದು.