ತಾಯಿಯ ಮಡಿಲಿನಿಂದ ಕಸಿದ ಮಕ್ಕಳು

ಮಕ್ಕಳು ಅಲ್ಲಾಹನು ಹೆತ್ತವರಿಗೆ ವಹಿಸಿಕೊಟ್ಟ ಅಮಾನತ್ತು. ಆ ಅಮಾನತ್ತನ್ನು ಒಂದು ಸರಕಾರವು ಕಾನೂನಿನ ಬಲದಿಂದ ಕಸಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಇತಿಹಾಸವು ಸಾಕ್ಷಿಯಾಗಿದೆ.

19ನೇ ಶತಮಾನದ ಉತ್ತರಾರ್ಧದಿಂದ 1990ರ ದಶಕದವರೆಗೆ ಆ ದೇಶದ ಮೂಲನಿವಾಸಿಗಳ ಸುಮಾರು 1,50,000 ಮಕ್ಕಳನ್ನು ವಸತಿ ಶಾಲೆಗಳಲ್ಲಿ ಇರಿಸಲಾಯಿತು. ಹಣ ಸರಕಾರದ್ದು, ಆಡಳಿತ ಬಹುಪಾಲು ಚರ್ಚ್‌ಗಳದ್ದು. 1920ರ ತಿದ್ದುಪಡಿಯ ಬಳಿಕ ಮಕ್ಕಳನ್ನು ಶಾಲೆಗೆ ಕಳುಹಿಸದ ಹೆತ್ತವರು ಶಿಕ್ಷಾರ್ಹರಾದರು. ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಿಸಿ, ಮಾತೃಭಾಷೆ ನುಡಿದರೆ ದಂಡಿಸಲಾಗುತ್ತಿತ್ತು. ಇದನ್ನೆಲ್ಲ 'ಸುಧಾರಣೆ' ಎಂದು ಕರೆಯಲಾಯಿತು.

ಸತ್ಯವು ಯಾರಿಗೂ ತಿಳಿದಿರಲಿಲ್ಲವೆಂದಲ್ಲ. 1907ರಲ್ಲೇ ಸರಕಾರಿ ವೈದ್ಯಾಧಿಕಾರಿ ಪೀಟರ್ ಬ್ರೈಸ್ ಈ ಶಾಲೆಗಳಲ್ಲಿ ಕ್ಷಯರೋಗ ಹಬ್ಬಿರುವುದನ್ನೂ ಗಾಳಿಯಾಡದ ಕಿಕ್ಕಿರಿದ ಕೋಣೆಗಳನ್ನೂ ವರದಿ ಮಾಡಿದ್ದರು. ಅವರಿಗೆ ಮಾಹಿತಿ ದೊರೆತ ಶಾಲೆಗಳಲ್ಲಿ ಸುಮಾರು ಕಾಲು ಭಾಗದಷ್ಟು ವಿದ್ಯಾರ್ಥಿಗಳು ಮೃತಪಟ್ಟಿದ್ದರು. ಅವರ ಶಿಫಾರಸುಗಳನ್ನು ಬದಿಗಿರಿಸಲಾಯಿತು. ನಿವೃತ್ತರಾದ ಬಳಿಕ, 1922ರಲ್ಲಿ, ಅವರು ಅದನ್ನೇ ಪುಸ್ತಿಕೆಯಾಗಿ ಪ್ರಕಟಿಸಿ ರಾಷ್ಟ್ರೀಯ ಅಪರಾಧವೆಂದು ಕರೆದರು. ಇಂದು ದಾಖಲಾಗಿರುವ ಮರಣಗಳು 4 ಸಾವಿರಕ್ಕೂ ಹೆಚ್ಚು.

2008ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. ಮರ್ರೆ ಸಿಂಕ್ಲೇರ್ ನೇತೃತ್ವದ ಸತ್ಯ ಮತ್ತು ಸಾಮರಸ್ಯ ಆಯೋಗವು ಸಾವಿರಾರು ಸಂತ್ರಸ್ತರ ಹೇಳಿಕೆಗಳನ್ನಾಲಿಸಿ, 2015ರಲ್ಲಿ ಇದನ್ನು 'ಸಾಂಸ್ಕೃತಿಕ ನರಮೇಧ' ಎಂದು ಘೋಷಿಸಿತು.

ಆದರೆ ವರದಿಗಳು ತಲುಪದ ಕಡೆಗೆ ಸಾಕ್ಷ್ಯಚಿತ್ರಗಳು ತಲುಪುತ್ತಿವೆ. ಸೇಂಟ್ ಜೋಸೆಫ್ಸ್ ಮಿಷನ್ ಶಾಲೆಯ ಕುರಿತ 'ಶುಗರ್‌ಕೇನ್' (2024) ಚಿತ್ರವನ್ನು ಜೂಲಿಯನ್ ಬ್ರೇವ್ ನಾಯ್ಸ್‌ಕ್ಯಾಟ್ ಮತ್ತು ಎಮಿಲಿ ಕ್ಯಾಸಿ ನಿರ್ದೇಶಿಸಿದ್ದಾರೆ. ಜೂಲಿಯನ್‌ರ ತಂದೆ ಹುಟ್ಟಿದ್ದು ಆ ಶಾಲೆಯಲ್ಲೇ. ಹಸುಳೆಯಾಗಿದ್ದಾಗ ಕಸ ಸುಡುವ ಗೂಡಿನಲ್ಲಿ ಸಿಕ್ಕಿ ಬದುಕುಳಿದವರು ಅವರು. ಇಂತಹ ಚಿತ್ರಗಳನ್ನು ಮೂಲನಿವಾಸಿಗಳ ಊರುಗಳಲ್ಲೇ ಪ್ರದರ್ಶಿಸುವಾಗ ಸಭಿಕರು ಕೇವಲ ಪ್ರೇಕ್ಷಕರಾಗಿರುವುದಿಲ್ಲ. ತೆರೆಯ ಮೇಲಿರುವುದು ಅವರದೇ ಕುಟುಂಬಗಳ ಮೌನ. ಪ್ರೀತಿ ಕಾಣದೆ ಬೆಳೆದವರು ತಮ್ಮ ಮಕ್ಕಳಿಗೆ ಪ್ರೀತಿ ತೋರಲು ಅಸಮರ್ಥರಾದರು. ಗಾಯವು ತಲೆಮಾರಿನಿಂದ ತಲೆಮಾರಿಗೆ ಹರಿಯಿತು.

ಇದನ್ನು ಒಂದು ಧರ್ಮದ ಅನುಯಾಯಿಗಳನ್ನು ದೂಷಿಸಲು ನಾವು ಬಳಸಬಾರದು. ಅಧಿಕಾರವು ಧರ್ಮದ ಹೆಸರನ್ನು ಹೊದ್ದುಕೊಂಡರೆ ಎಲ್ಲೆಡೆಯೂ ಅಪಾಯವೇ. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದು ಕುರ್‌ಆನ್ (2:256) ಸಾರುತ್ತದೆ. ಭಾಷೆ ಮತ್ತು ವರ್ಣಗಳ ವೈವಿಧ್ಯವನ್ನು ಅಲ್ಲಾಹನ ದೃಷ್ಟಾಂತವೆನ್ನುತ್ತದೆ (30:22). ಒಂದು ಮಗುವಿನ ಭಾಷೆಯನ್ನು ಅಳಿಸುವವನು ಆ ದೃಷ್ಟಾಂತವನ್ನೇ ಅಳಿಸಲು ಹೊರಟಿರುತ್ತಾನೆ. ಫಿರ್‌ಔನನ ಅರಮನೆ ಸೇರಿದ ಶಿಶು ಮೂಸಾ(ಅ)ರನ್ನು ಅಲ್ಲಾಹನು ತಾಯಿಯ ಮಡಿಲಿಗೆ ಮರಳಿಸಿ ಆಕೆಯ ಕಣ್ಣುಗಳನ್ನು ತಣಿಸಿದನು (28:13). ಕೆನಡಾದ ಎಷ್ಟೋ ತಾಯಂದಿರಿಗೆ ಆ ಭಾಗ್ಯ ದೊರೆಯಲಿಲ್ಲ.

ಜೀವಂತ ಹೂಳಲ್ಪಟ್ಟ ಹೆಣ್ಣುಮಗುವನ್ನು ಯಾವ ಪಾಪಕ್ಕಾಗಿ ಕೊಲ್ಲಲಾಯಿತೆಂದು ಅಂತ್ಯದಿನ ವಿಚಾರಿಸಲಾಗುವುದೆಂದು ನಾವು ನಂಬಿದವರು. ಗುರುತಿಲ್ಲದ ಸಮಾಧಿಗಳ ಮಕ್ಕಳೂ ಆ ನ್ಯಾಯಾಲಯದಲ್ಲಿ ನಿಲ್ಲುವರು. ಅವರ ಕತೆಯನ್ನು ನಮ್ಮ ಮಕ್ಕಳೊಂದಿಗೆ ಕುಳಿತು ನೋಡೋಣ. ಪರರ ಮಕ್ಕಳ ನೋವಿಗೂ ಮಿಡಿಯುವ ಹೃದಯವನ್ನು ಅಲ್ಲಾಹನು ನಮಗೆ ಕರುಣಿಸಲಿ.