ಗಾಳಿದಾರಿಯಲ್ಲಿ ಆಯಿಲ್ (ಮೋಟಾರು ವಾಹನ)

ಏರ್ ಫಿಲ್ಟರ್‌ನಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ವರೆಗಿನ ಕೊಳವೆಗಳಲ್ಲಿ ಎಂಜಿನ್ ಆಯಿಲ್ ಕಾಣಿಸಿಕೊಳ್ಳುವ ದೋಷ. ತೆಳುವಾದ ಜಿಡ್ಡು ಸಹಜ. ಮಡುಗಟ್ಟಿ ನಿಂತರೆ ಕಾರಣ ಹುಡುಕಬೇಕು.

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು, ಆಚೆಯ ಕಳಸ ಸೀಮೆಯ ಕಾಫಿತೋಟಗಳಲ್ಲಿ ದುಡಿಯುವ ಹಳೆಯ ಜೀಪುಗಳಲ್ಲಿ ಮೊದಲು ನೋಡಬೇಕಾದದ್ದು ಆಯಿಲ್ ಬಾತ್ ಏರ್ ಕ್ಲೀನರ್. ಅದರ ಬಟ್ಟಲಿಗೆ ಗುರುತು ಮೀರಿ ಆಯಿಲ್ ಸುರಿದಿದ್ದರೆ, ಅಥವಾ ಕಡಿದಾದ ತೋಟದ ದಾರಿಯಲ್ಲಿ ಗಾಡಿ ತೀರಾ ವಾಲಿದರೆ, ಎಂಜಿನ್ ಅದನ್ನೇ ಎಳೆದುಕೊಳ್ಳುತ್ತದೆ. ಈ ಬಟ್ಟಲನ್ನು ನೋಡದೆ, ರಿಂಗ್ ಸವೆದಿದೆಯೆಂದು ಎಂಜಿನ್ ಬಿಚ್ಚುವುದು ಮಾಲೀಕನ ಹಣ ಪೋಲು ಮಾಡುವ ಕೆಲಸ.

ಕಾಗದದ ಫಿಲ್ಟರ್ ಇರುವ ಕಾರುಗಳಲ್ಲಿ ಶಂಕೆ ಬ್ರೀದರ್ ಪೈಪಿನ ಮೇಲೆ. ಪಿಸ್ಟನ್ ರಿಂಗ್ ದಾಟಿ ಕ್ರ್ಯಾಂಕ್‌ಕೇಸಿಗೆ ನುಸುಳಿದ ಅನಿಲ ಆಯಿಲ್ ಹನಿಗಳ ಸಮೇತ ಅಲ್ಲಿಂದಲೇ ಗಾಳಿದಾರಿಗೆ ಮರಳುತ್ತದೆ. ಈ ಅನಿಲದ ಹರಿವನ್ನು ನಿಯಂತ್ರಿಸುವ ಪಿಸಿವಿ ವಾಲ್ವ್ ಕಟ್ಟಿಕೊಂಡರೆ, ಅಥವಾ ಡಿಪ್‌ಸ್ಟಿಕ್ಕಿನ ಮೇಲುಗೆರೆ ದಾಟಿ ಆಯಿಲ್ ತುಂಬಿದರೆ ಹನಿ ಹೆಚ್ಚುತ್ತದೆ. ಎರಡೂ ಸರಿಯಿದ್ದು, ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳ ಸಡಿಲಿಸಿದಾಗ ಹೊಗೆ ಬಿರುಸಾಗಿ ನುಗ್ಗಿದರೆ ಕಂಪ್ರೆಷನ್ ಅಳೆಯಬೇಕು. ಮಳೆಗಾಲದಲ್ಲಿ, ಎಂಜಿನ್ ಬಿಸಿಯೇರದಷ್ಟು ಹತ್ತಿರದ ಓಡಾಟದಿಂದ ಮುಚ್ಚಳದಡಿ ಹಾಲುಬಣ್ಣದ ಕೆನೆ ಕಟ್ಟುವುದುಂಟು. ಕೂಲೆಂಟ್ ಇಳಿಯದಿದ್ದರೆ ಅದು ಬಹುಪಾಲು ತೇವವಷ್ಟೇ.

ಟರ್ಬೊ ಡೀಸೆಲ್ ಗಾಡಿಗಳಲ್ಲಿ ಟರ್ಬೊಗೆ ಮುಂಚಿನ ಪೈಪ್ ಒಣಗಿದ್ದು ನಂತರದ್ದು ಮಾತ್ರ ನೆನೆದಿದ್ದರೆ ಸೀಲ್, ಬೇರಿಂಗ್, ಆಯಿಲ್ ಹಿಂತಿರುಗುವ ಪೈಪುಗಳನ್ನು ಪರೀಕ್ಷಿಸಬೇಕು. ಟರ್ಬೊ ಬದಲಿಸುವಾಗ ಇಂಟರ್‌ಕೂಲರಿನಲ್ಲಿ ನಿಂತ ಆಯಿಲನ್ನೂ ತೊಳೆಯಬೇಕು. ಇಲ್ಲದಿದ್ದರೆ ಡೀಸೆಲ್ ಎಂಜಿನ್ ಆಯಿಲನ್ನೇ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಓಡೀತು.